ಚಿಹ್ನೆ ಯಾವ ಡಬ್ಬಿಯದು ಅಂತ ಕೇಳದೆ ನಕ್ಷೆ ಬಿಡಿಸಬೇಡಿ

ಪಂಪ್‌ಸೆಟ್ ಇರುವ ತೋಟದಲ್ಲೆಲ್ಲ ಸ್ಟಾರ್ಟರ್ ಡಬ್ಬಿ ಇದ್ದೇ ಇರುತ್ತದೆ. ಮೇನ್ ಆಫ್ ಮಾಡಿ ಅದರ ಮುಚ್ಚಳ ತೆಗೆದರೆ ಎಷ್ಟೋ ಡಬ್ಬಿಗಳಲ್ಲಿ ಒಳಬದಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಗೆರೆ, ಚೌಕ, ವೃತ್ತಗಳಿರುವ ಆ ಚೀಟಿಯೇ ವೈರಿಂಗ್ ನಕ್ಷೆ. ಬೇಸಿಗೆಯಲ್ಲಿ ಅಡಿಕೆ ಒಣಗುತ್ತಿರುವಾಗ ಮೋಟಾರ್ ಕೈಕೊಟ್ಟರೆ, ರಿಪೇರಿಗೆ ಬಂದವರು ಮೊದಲು ನೋಡಬೇಕಾದದ್ದು ಅದನ್ನೇ. ನಕ್ಷೆ ಇಲ್ಲದಿದ್ದರೆ, ಇದ್ದೂ ಅರ್ಥವಾಗದಿದ್ದರೆ, ಉಳಿಯೋದು ಅಂದಾಜು ಮಾತ್ರ. ಕರೆಂಟಿನ ಜೊತೆ ಅಂದಾಜು ಆಡಿದರೆ ಏನಾಗುತ್ತದೆ ಅಂತ ಹಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಇಂಥ ನಕ್ಷೆಗಳನ್ನು ಈಗ ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಕಡೆಯ ಹುಡುಗ ಹುಡುಗಿಯರು ಶಿವಮೊಗ್ಗಕ್ಕೋ ಭದ್ರಾವತಿಗೋ ಬಸ್ ಹತ್ತಿ ಹೋಗಿ ಕ್ಯಾಡ್ ಕಲಿಯುತ್ತಾರೆ. ಕ್ಯಾಡ್‌ನಲ್ಲಿ ಸ್ವಿಚ್, ಫ್ಯೂಸ್, ಮೋಟಾರ್ ಎಲ್ಲವನ್ನೂ ಪ್ರತಿ ಸಲ ಗೆರೆ ಎಳೆದು ಬಿಡಿಸಬೇಕಿಲ್ಲ. ಸಿದ್ಧ ಚಿಹ್ನೆಗಳ ಸಂಗ್ರಹ ಅದರೊಳಗೇ ಇರುತ್ತದೆ. ಅದಕ್ಕೆ ಸಿಂಬಲ್ ಲೈಬ್ರರಿ ಅಂತಾರೆ. ರಬ್ಬರ್ ಸ್ಟಾಂಪುಗಳ ಡಬ್ಬಿ ಅಂದುಕೊಳ್ಳಿ: ಬೇಕಾದ್ದನ್ನು ಎತ್ತಿ ಒತ್ತಿದರೆ ಆಯಿತು.

ಆದರೆ ಈ ಡಬ್ಬಿ ಒಂದೇ ಅಲ್ಲ, ಹಲವು ಇವೆ. ಯಾವುದನ್ನು ತೆರೆಯಬೇಕು, ಯಾಕೆ ಅನ್ನೋದನ್ನು ಮೊದಲ ಪಾಠದಲ್ಲೇ ಹೇಳಿಕೊಡಬೇಕು ಅನ್ನೋದು ನನ್ನ ವಾದ. ಕ್ಲಿಕ್ ಮಾಡೋದನ್ನು ಎರಡು ದಿನದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ.

ಆಟೋಕ್ಯಾಡ್ ಎಲೆಕ್ಟ್ರಿಕಲ್‌ನಲ್ಲಿ ಅಮೆರಿಕದ ಪದ್ಧತಿಯ ಜೆಐಸಿ, ಎನ್‌ಎಫ್‌ಪಿಎ ಲೈಬ್ರರಿಗಳಿವೆ. ಅಂತರರಾಷ್ಟ್ರೀಯ ಪದ್ಧತಿಯ ಐಇಸಿ 60617 ಕೂಡ ಇದೆ. ಭಾರತದ ಮಾನಕ ಐಎಸ್ 12032 ಐಇಸಿ ದಾರಿಯಲ್ಲೇ ನಡೆಯುತ್ತದೆ. ಎರಡು ಪದ್ಧತಿಗಳ ಚಿಹ್ನೆಗಳು ಬೇರೆ ಬೇರೆ ಅಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ತೊಂದರೆ ಇರೋದು ಒಂದೇ ಚಿತ್ರಕ್ಕೆ ಎರಡು ಅರ್ಥ ಇರುವ ಕಡೆ.

ಒಂದು ಉದಾಹರಣೆ ನೋಡಿ. ಪಕ್ಕಪಕ್ಕ ನಿಂತ ಎರಡು ಸಮಾನ ಗೆರೆಗಳು. ಅಮೆರಿಕದ ಕಂಟ್ರೋಲ್ ನಕ್ಷೆಯಲ್ಲಿ ಇದು ತೆರೆದಿರುವ ಕಾಂಟ್ಯಾಕ್ಟ್, ಅಂದರೆ ರಿಲೇ ಎಳೆದಾಗ ಮುಚ್ಚಿಕೊಳ್ಳುವ ಸಂಪರ್ಕ. ಐಇಸಿಯಲ್ಲಿ ಅದೇ ಚಿತ್ರ ಕೆಪಾಸಿಟರ್. ಬೋರ್‌ವೆಲ್‌ನ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪ್ಯಾನೆಲ್‌ನಲ್ಲಿ ಕಾಂಟ್ಯಾಕ್ಟೂ ಇರಬಹುದು, ಕೆಪಾಸಿಟರೂ ಇರುತ್ತದೆ. ಕೆಪಾಸಿಟರ್ ಮೇನ್ ಆಫ್ ಮಾಡಿದ ಮೇಲೂ ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ಅಮೆರಿಕದ ಲೈಬ್ರರಿಯಲ್ಲೇ ಕಲಿತ ಹುಡುಗ ಐಇಸಿ ನಕ್ಷೆ ನೋಡಿ, ಇದು ಬರೀ ಕಾಂಟ್ಯಾಕ್ಟ್, ಮೇನ್ ಆಫ್ ಇದೆಯಲ್ಲ ಅಂತ ಕೈ ಹಾಕಿದರೆ?

ಇನ್ನೊಂದು ಉದಾಹರಣೆ. ವೃತ್ತದೊಳಗೆ ಇಂಗ್ಲಿಷಿನ ಎಂ ಅಕ್ಷರ. ನಮ್ಮ ಕಡೆ ಅದು ಮೋಟಾರ್. ಅಮೆರಿಕದ ಕಂಟ್ರೋಲ್ ನಕ್ಷೆಯಲ್ಲಿ ಅದು ಮೋಟಾರ್ ಸ್ಟಾರ್ಟರಿನ ಕಾಯಿಲ್. ಐಇಸಿಯಲ್ಲಿ ಕಾಯಿಲ್‌ಗೆ ಹಾಕೋದು ಆಯತದ ಚಿಹ್ನೆ. ಎರಡು ಡಬ್ಬಿಯ ಚಿಹ್ನೆಗಳನ್ನು ಕಲಸಿ ಬಿಡಿಸಿದ ನಕ್ಷೆ ನಕ್ಷೆಯೇ ಇಲ್ಲದ್ದಕ್ಕಿಂತ ಕಷ್ಟ, ಯಾಕೆಂದರೆ ಓದುವವರು ಅದನ್ನು ನಂಬುತ್ತಾರೆ.

ಅನುಭವ ಇರುವ ಎಲೆಕ್ಟ್ರಿಷಿಯನ್‌ಗೆ ಸುತ್ತಮುತ್ತಲಿನ ವೈರಿಂಗ್ ನೋಡಿಯೇ ತಿಳಿಯುತ್ತದೆ ಅಂತ ನೀವು ಹೇಳಬಹುದು. ನಿಜ. ಭದ್ರಾವತಿಯಲ್ಲಿ ಅಂಥವರಿಗೆ ಬರ ಇರಲಿಲ್ಲ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಎರಡೂ ಆ ಊರಿಗೆ ಕೆಲಸ ಕಲಿಸಿದವು. ಹೊಸಬರು ಹಳಬರ ಪಕ್ಕ ನಿಂತು ಕಲಿಯುತ್ತಿದ್ದರು. ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚಲು 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರ ತೀರ್ಮಾನಿಸಿದಾಗ ಕಾರ್ಮಿಕರು ಬೀದಿಗಿಳಿದಿದ್ದು ನಿಮಗೆ ನೆನಪಿರಬಹುದು. ಹಾಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವ ಜಾಗ ಕಡಿಮೆಯಾದಾಗ, ಕಲಿಕೆಯ ಭಾರವೆಲ್ಲ ಕ್ಲಾಸಿನ ಮೇಲೆ, ಕಾಗದದ ಮೇಲೆ ಬೀಳುತ್ತದೆ. ಆ ಕಾಗದ ಸರಿ ಇರಲೇಬೇಕು.

ಸಾಫ್ಟ್‌ವೇರ್ ತಪ್ಪು ತೋರಿಸಿಕೊಡುತ್ತದೆ ಅನ್ನೋ ನಂಬಿಕೆಯೂ ಬೇಡ. ಆಟೋಕ್ಯಾಡ್ ಎಲೆಕ್ಟ್ರಿಕಲ್‌ನಲ್ಲಿ ಪುಶ್ ಬಟನ್ನಿನ ಒಂದು ಚಿಹ್ನೆಯ ಹೆಸರು ಎಚ್‌ಪಿಬಿ11. ಎಚ್ ಅಂದರೆ ಅಡ್ಡ ವೈರಿಗೆ, ಪಿಬಿ ಅಂದರೆ ಪುಶ್ ಬಟನ್, ಕೊನೆಯ 1 ಅಂದರೆ ತೆರೆದ ಸಂಪರ್ಕ. ಎಚ್‌ಪಿಬಿ12 ಅಂದರೆ ಮುಚ್ಚಿದ ಸಂಪರ್ಕ. ಸ್ಟಾರ್ಟ್ ಬಟನ್‌ಗೆ ಮೊದಲನೆಯದು ಬೇಕು, ಸ್ಟಾಪ್ ಬಟನ್‌ಗೆ ಎರಡನೆಯದು. ಸ್ಟಾಪ್ ಬಟನ್ನಿನ ವೈರ್ ತುಂಡಾದರೂ ಮೋಟಾರ್ ನಿಲ್ಲಲಿ ಅಂತ ಅಲ್ಲಿ ಮುಚ್ಚಿದ ಸಂಪರ್ಕ ಇಡುತ್ತಾರೆ. ಇಂಥ ಅರ್ಥಗಳು ಚಿಹ್ನೆಯೊಳಗೇ ಅಡಗಿರುತ್ತವೆ. ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಬ್ಲಾಕ್ ಅಂಟಿಸಿದರೆ, ಅಥವಾ ಚಿಹ್ನೆಯನ್ನು ಎಕ್ಸ್‌ಪ್ಲೋಡ್ ಮಾಡಿ ಬರೀ ಗೆರೆಗಳಾಗಿಸಿದರೆ, ಅದು ಬಟನ್ ಅನ್ನೋದು ಸಾಫ್ಟ್‌ವೇರ್‌ಗೇ ಗೊತ್ತಿರೋದಿಲ್ಲ. ಸಾಮಾನಿನ ಪಟ್ಟಿಯಲ್ಲಿ ಅದು ಬರೋದಿಲ್ಲ. ಯಾವ ಕಾಯಿಲ್‌ಗೆ ಯಾವ ಕಾಂಟ್ಯಾಕ್ಟ್ ಅನ್ನೋ ಲೆಕ್ಕವೂ ತಪ್ಪುತ್ತದೆ.

ಅಮೆರಿಕದ ಪದ್ಧತಿ ಕಲಿಯಲೇಬಾರದು ಅಂತಲ್ಲ. ಹೊರದೇಶಕ್ಕೆ ಯಂತ್ರ ಕಳಿಸುವ ಕಂಪನಿಯಲ್ಲಿ ಕೆಲಸ ಸಿಕ್ಕರೆ ಅದೂ ಬೇಕಾಗುತ್ತದೆ. ಮೊದಲು ನಮ್ಮ ಊರಿನಲ್ಲಿ ಓದುವ ಪದ್ಧತಿ, ಆಮೇಲೆ ಮತ್ತೊಂದು. ಮತ್ತು ಒಂದು ನಕ್ಷೆಯಲ್ಲಿ ಒಂದೇ ಪದ್ಧತಿ.

ದುಡ್ಡಿನ ನೆಪವೂ ಹೆಚ್ಚು ನಿಲ್ಲೋದಿಲ್ಲ. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ಕೊಡುತ್ತದೆ. ಕ್ಯೂಎಲೆಕ್ಟ್ರೋಟೆಕ್ ಅನ್ನೋ ಸಾಫ್ಟ್‌ವೇರ್ ಎಲ್ಲರಿಗೂ ಪೂರ್ತಿ ಉಚಿತ, ಅದರ ಜೊತೆಗೇ ದೊಡ್ಡ ಚಿಹ್ನೆ ಸಂಗ್ರಹ ಬರುತ್ತದೆ.

ಕೆಲಸ ಮೂರು ಕಡೆ ಆಗಬೇಕು. ಕಲಿಸುವವರು ಪ್ರತಿ ವಿದ್ಯಾರ್ಥಿಯ ನಕ್ಷೆಯ ಮೂಲೆಯಲ್ಲಿ ಯಾವ ಲೈಬ್ರರಿ ಬಳಸಿದ್ದು ಅಂತ ಬರೆಸಲಿ. ಬರೆಯದಿದ್ದರೆ ಅಂಕ ಕಳೆಯಲಿ.

ಪ್ಯಾನೆಲ್ ಮಾಡುವವರು, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿರಲಿ ಪೇಟೆ ಬೀದಿಯ ಸಣ್ಣ ಅಂಗಡಿಯಲ್ಲಿರಲಿ, ನಕ್ಷೆಯ ಕೆಳಗೆ ಚಿಹ್ನೆಗಳ ಅರ್ಥವನ್ನು ಕನ್ನಡದಲ್ಲಿ ಕೊಡಲಿ. ಕ್ಯಾಡ್‌ನ ಎಸ್‌ಎಚ್‌ಎಕ್ಸ್ ಅಕ್ಷರಗಳಲ್ಲಿ ಕನ್ನಡ ಮೂಡೋದಿಲ್ಲ, ಟ್ರೂಟೈಪ್ ಫಾಂಟ್ ಆರಿಸಿಕೊಳ್ಳಬೇಕು. ವಿಂಡೋಸ್‌ಗೆ ಸಿಗುವ ಒಂದು ಕನ್ನಡ ಫಾಂಟಿನ ಹೆಸರೇ ತುಂಗಾ. ಶಿವಮೊಗ್ಗದವರು ಅದನ್ನಾದರೂ ಬಳಸದಿದ್ದರೆ ಹೇಗೆ?

ಮೂರನೆಯದು ನೀವು, ದುಡ್ಡು ಕೊಡುವ ರೈತರು. ಹೊಸ ಸ್ಟಾರ್ಟರ್, ಹೊಸ ಪ್ಯಾನೆಲ್ ತಗೊಂಡಾಗ ಬಿಲ್ ಜೊತೆ ನಕ್ಷೆಯನ್ನೂ ಕೇಳಿ. ಡಬ್ಬಿಯೊಳಗೆ ಒಂದು ಪ್ರತಿ ಅಂಟಿಸಲು ಹೇಳಿ, ಇನ್ನೊಂದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ರಿಪೇರಿ ಮಾಡುವವರು ವೈರ್ ಬದಲಿಸಿದರೆ ನಕ್ಷೆಯಲ್ಲೂ ಗುರುತು ಹಾಕಿಸಿ. ಕೇಳುವವರು ಹೆಚ್ಚಾದರೆ ಕೊಡುವವರೂ ಹೆಚ್ಚಾಗುತ್ತಾರೆ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಈ ಕೆಲಸ ಮುಗಿಸಿಕೊಳ್ಳಿ.