ವೃತ್ತಿಪರ ಆಟಗಾರನೂ ರಾಷ್ಟ್ರಋಣವೂ

ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡು, ಅದಕ್ಕಾಗಿ ವೇತನ ಪಡೆಯುವವನು ತನ್ನ ರಾಷ್ಟ್ರದ ಪರವಾಗಿಯೂ ಆಡಬೇಕೆ, ಬೇಡವೆ? ಬಾಸ್ಕೆಟ್‌ಬಾಲ್ ಆಟದ ವಿಷಯದಲ್ಲಿ ಈ ಪ್ರಶ್ನೆ ಒಲಿಂಪಿಕ್ ಕ್ರೀಡೆಗಳು ಬಂದಾಗಲೆಲ್ಲ ತಲೆಯೆತ್ತುತ್ತದೆ. ನಮ್ಮ ಮೇಲ್ತರಗತಿಯ ಹುಡುಗರಲ್ಲಿಯೂ ಇದರ ವಾದವಿವಾದ ನಡೆಯುವುದನ್ನು ನಾವು ಕೇಳಿದ್ದೇವೆ. ‘ದುಡ್ಡಿಗಾಗಿ ಆಡುವವನಿಗೆ ದೇಶದ ಹೆಸರು ಏತಕ್ಕೆ?’ ಎನ್ನುವರು ಕೆಲವರು. ‘ದೇಶ ಕರೆದಾಗ ಬಾರದವನು ಎಂಥ ಆಟಗಾರ?’ ಎನ್ನುವರು ಇನ್ನು ಕೆಲವರು. ಎರಡು ಮಾತುಗಳಲ್ಲಿಯೂ ಅರ್ಧರ್ಧ ಸತ್ಯವಿದೆ. ಆಟಗಾರನು ರಾಷ್ಟ್ರಕ್ಕಾಗಿ ಆಡಬೇಕು. ಆದರೆ ಸ್ವಂತ ಇಚ್ಛೆಯಿಂದ ಆಡಬೇಕು. ಕರೆಯುವ ರಾಷ್ಟ್ರವೂ ಅವನ ವಿಷಯದಲ್ಲಿ ತನ್ನ ಹೊಣೆಯನ್ನು ಹೊರಬೇಕು. ಇದು ನಮ್ಮ ಅಭಿಪ್ರಾಯ.

ಈ ಆಟ ಹುಟ್ಟಿದ್ದು ಹಣದ ಪೇಟೆಯಲ್ಲಿ ಅಲ್ಲ, ವಿದ್ಯಾಲಯದಲ್ಲಿ. ೧೮೯೧ರಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕನು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ತನ್ನ ವಿದ್ಯಾರ್ಥಿಗಳಿಗೊಂದು ಆಟ ಬೇಕೆಂದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಇದನ್ನು ಕಲ್ಪಿಸಿದನು. ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ ಅದು ದೇಶದೇಶಗಳಿಗೆ ಹಬ್ಬಿತು. ನಮ್ಮ ಮುಂಬಯಿಯ ನಾಗಪಾಡಾದಲ್ಲಿ ಅದು ಬೇರುಬಿಟ್ಟು, ಆ ಗಲ್ಲಿಗಳಿಂದ ಭಾರತದ ತಂಡದ ನಾಯಕನಾದ ಅಬ್ಬಾಸ್ ಮುಂತಸೀರರಂಥ ಆಟಗಾರರು ಬಂದರು.

೧೯೩೬ರ ಬರ್ಲಿನ್ ಒಲಿಂಪಿಕ್‌ನಲ್ಲಿ ಈ ಆಟಕ್ಕೆ ಮೊದಲಬಾರಿಗೆ ಪದಕದ ಸ್ಥಾನ ದೊರೆಯಿತು. ಅಂದು ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಹವ್ಯಾಸಿ ಎಂಬ ಮಾತು ಕಿವಿಗೆ ಪವಿತ್ರವಾಗಿ ಕೇಳಿಸುತ್ತದೆ. ಆದರೆ ಹೊಟ್ಟೆಯ ಚಿಂತೆಯಿಲ್ಲದೆ ಆಡಬಲ್ಲವನು ಯಾರು? ಉಳ್ಳವನು ಮಾತ್ರ. ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್‌ನಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದ ಜಿಮ್ ಥೋರ್ಪ್ ಎಂಬ ಅಮೇರಿಕದ ಮೂಲನಿವಾಸಿ ಕ್ರೀಡಾಪಟುವು, ಹಿಂದೆಂದೋ ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ ಮರುವರ್ಷವೇ ಅವನ್ನು ಕಳೆದುಕೊಂಡನು. ೧೯೫೩ರಲ್ಲಿ ಅವನು ತೀರಿಕೊಂಡನು. ಪದಕಗಳು ಅವನ ಮಕ್ಕಳ ಕೈಸೇರಿದ್ದು ೧೯೮೩ರಲ್ಲಿ. ಇದನ್ನು ನ್ಯಾಯವೆನ್ನುವವರು ಯಾರು? ಅತ್ತ ಸೋವಿಯೆತ್ ದೇಶದಲ್ಲಿ ಆಟಗಾರರಿಗೆ ಸೈನ್ಯದಲ್ಲೋ ಮತ್ತೆಲ್ಲೋ ಹೆಸರಿಗೊಂದು ಹುದ್ದೆಯನ್ನು ಕೊಟ್ಟು, ಆಟವನ್ನೇ ಅವರ ಕೆಲಸವನ್ನಾಗಿ ಮಾಡಿದ್ದರು. ಅವರೂ ಹವ್ಯಾಸಿಗಳೇ! ಕೊನೆಗೆ ೧೯೮೯ರಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವು ಅಮೇರಿಕದ ವೃತ್ತಿಪರ ಸ್ಪರ್ಧೆಯಾದ ಎನ್.ಬಿ.ಎ.ಯ ಆಟಗಾರರಿಗೂ ಬಾಗಿಲು ತೆರೆಯಿತು. ಕೂಲಿ ಪಡೆದವನ ಬೆವರು ಕೀಳಲ್ಲವೆಂದು ಒಪ್ಪಿಕೊಂಡಂತಾಯಿತು.

ಇದಕ್ಕೆ ಮೊದಲ ಆಕ್ಷೇಪಣೆ: ಪಂದ್ಯದ ಸ್ವಾರಸ್ಯ ಹೋಗುತ್ತದೆ ಎಂಬುದು. ೧೯೯೨ರಲ್ಲಿ ಬಾರ್ಸಿಲೋನಾದಲ್ಲಿ ಅಮೇರಿಕದ ವೃತ್ತಿಪರರ ತಂಡವು ಅಂಗೋಲಾ ದೇಶವನ್ನು ೧೧೬–೪೮ರಿಂದ ಸೋಲಿಸಿತು. ಇದು ಆನೆಗೂ ಆಡಿಗೂ ನಡೆದ ಕಾಳಗವೆಂದು ಅನೇಕರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಮುಂದಾದುದನ್ನು ನೋಡಬೇಕು. ಹತ್ತೇ ವರ್ಷಗಳಲ್ಲಿ, ೨೦೦೨ರ ವಿಶ್ವ ಸ್ಪರ್ಧೆಯಲ್ಲಿ, ಅದೇ ಅಮೇರಿಕವು ತನ್ನ ನೆಲದಲ್ಲಿಯೇ ಆರನೆಯ ಸ್ಥಾನಕ್ಕೆ ಇಳಿಯಿತು. ೨೦೦೪ರ ಅಥೆನ್ಸ್ ಒಲಿಂಪಿಕ್‌ನಲ್ಲಿ ಅರ್ಜೆಂಟೀನಾ ಚಿನ್ನ ಗೆದ್ದಿತು. ೨೦೨೩ರಲ್ಲಿ ಜರ್ಮನಿ ವಿಶ್ವವಿಜೇತವಾಯಿತು. ೨೦೨೪ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಅಮೇರಿಕವು ಚಿನ್ನ ಪಡೆದರೂ, ಉಪಾಂತ್ಯ ಪಂದ್ಯದಲ್ಲಿ ಸರ್ಬಿಯಾದ ಎದುರು ೯೫–೯೧ರಿಂದ, ಕಷ್ಟಪಟ್ಟು, ಪಾರಾಗಬೇಕಾಯಿತು. ಬಲ್ಲವನೊಡನೆ ಆಡಿ ಸೋತವನು ಆಟ ಕಲಿಯುತ್ತಾನೆ. ದುರ್ಬಲನನ್ನೇ ಹುಡುಕಿ ಗೆಲ್ಲುವವನು ಇದ್ದಲ್ಲಿಯೇ ಇರುತ್ತಾನೆ. ತರಗತಿಯಲ್ಲಿ ನಾವು ದಿನನಿತ್ಯ ಕಾಣುವ ಸಂಗತಿಯೇ ಇದು.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕವುಳ್ಳದ್ದು. ಉಂಡ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಹಿರಿಯರು ಹೇಳುವುದಿಲ್ಲವೆ? ಎನ್.ಬಿ.ಎ. ತಂಡಕ್ಕೆ ವರ್ಷಕ್ಕೆ ೮೨ ನಿಯತ ಪಂದ್ಯಗಳು. ಅವುಗಳ ಮೇಲೆ ಅಂತಿಮ ಸುತ್ತುಗಳು ಬೇರೆ. ಸಂಬಳ ಕೊಡುವವನು ತನ್ನ ಆಟಗಾರನು ಬೇಸಗೆಯಲ್ಲಿ ವಿಶ್ರಮಿಸಲೆಂದು ಬಯಸಿದರೆ ತಪ್ಪೇನು? ೨೦೧೪ರ ಆಗಸ್ಟ್‌ನಲ್ಲಿ ಪಾಲ್ ಜಾರ್ಜ್ ಎಂಬ ಹೆಸರಾಂತ ಆಟಗಾರನು ಅಮೇರಿಕದ ರಾಷ್ಟ್ರೀಯ ತಂಡದ ಅಭ್ಯಾಸ ಪಂದ್ಯದಲ್ಲಿ ಕಾಲು ಮುರಿದುಕೊಂಡನು. ಮುಂದಿನ ಋತುವಿನಲ್ಲಿ ಅವನು ತನ್ನ ತಂಡಕ್ಕೆ ಆಡಲಾದುದು ಆರೇ ಪಂದ್ಯಗಳನ್ನು. ದೇಶದ ಕೆಲಸದಲ್ಲಿ ಬಿದ್ದ ಪೆಟ್ಟಿನ ನಷ್ಟವನ್ನು ಬೇರೊಬ್ಬರು ಅನುಭವಿಸಿದರು.

ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದರಿಂದ ಸಿದ್ಧವಾಗುವುದು, ಆಟಗಾರನನ್ನು ಕಳುಹಿಸಬಾರದೆಂದಲ್ಲ; ಕರೆಸಿಕೊಳ್ಳುವವರು ಅವನ ದೇಹಕ್ಕೂ ವೇತನಕ್ಕೂ ವಿಮೆ ಮಾಡಿಸಬೇಕೆಂದು. ಎನ್.ಬಿ.ಎ. ಆಟಗಾರರಿಗೆ ಇಂಥ ವಿಮೆಯ ಏರ್ಪಾಡು ಇದೆ. ಬಡ ರಾಷ್ಟ್ರಗಳ ಸಾಧಾರಣ ಆಟಗಾರನಿಗೂ ಅಂಥ ರಕ್ಷಣೆ ದೊರೆಯಬೇಕು. ನೂರು ಜನರ ಜಯಘೋಷದ ನಡುವೆ ಬಿದ್ದವನು ಆಸ್ಪತ್ರೆಯಲ್ಲಿ ಒಂಟಿಯಾಗಿ ಉಳಿಯಬಾರದಷ್ಟೆ.

ಹಾಗಾದರೆ ಆಡಲೇಬೇಕೇಕೆ? ಲಿಥುಏನಿಯಾ ಎಂಬ ಪುಟ್ಟ ದೇಶದ ಕಥೆಯನ್ನು ಕೇಳಿರಿ. ಅಲ್ಲಿನ ಸಬೋನಿಸ್, ಮಾರ್ಚುಲ್ಯೋನಿಸ್ ಎಂಬ ಆಟಗಾರರು ೧೯೮೮ರಲ್ಲಿ ಚಿನ್ನ ಗೆದ್ದುದು ಸೋವಿಯೆತ್ ಧ್ವಜದ ಅಡಿಯಲ್ಲಿ. ಅನಂತರ ದೇಶ ಸ್ವತಂತ್ರವಾಯಿತು. ಒಲಿಂಪಿಕ್‌ಗೆ ತಂಡ ಕಳುಹಿಸಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಅಮೇರಿಕದಲ್ಲಿ ವೃತ್ತಿಪರನಾಗಿದ್ದ ಮಾರ್ಚುಲ್ಯೋನಿಸ್ ಅಲ್ಲಿಯೇ ಸಹಾಯಧನವನ್ನು ಕೂಡಿಸಿದನು. ೧೯೯೨ರಲ್ಲಿ ಆ ತಂಡ ಸೋವಿಯೆತ್ ಒಕ್ಕೂಟದ ಹಳೆಯ ಗಣರಾಜ್ಯಗಳ ಸಂಯುಕ್ತ ತಂಡವನ್ನು ೮೨–೭೮ರಿಂದ ಸೋಲಿಸಿ ಕಂಚಿನ ಪದಕವನ್ನು ಪಡೆಯಿತು. ಆ ಕಂಚನ್ನು ತಕ್ಕಡಿಯಲ್ಲಿಟ್ಟು ಅವರ ಸಂಬಳದೊಡನೆ ತೂಗಲಾದೀತೆ? ಆಟಗಾರನನ್ನು ಸಿದ್ಧಗೊಳಿಸಿದವನು ಸಂಬಳ ಕೊಡುವ ಒಡೆಯನೊಬ್ಬನೇ ಅಲ್ಲ. ಊರ ಮೈದಾನವಿದೆ, ಮೊದಲು ಸೀಟಿ ಊದಿದ ಶಿಕ್ಷಕನಿದ್ದಾನೆ, ಬೆಳಗಿನ ಜಾವದಲ್ಲಿ ಎಬ್ಬಿಸಿ ಕಳುಹಿಸಿದ ತಾಯಿಯಿದ್ದಾಳೆ. ಈ ಋಣಕ್ಕೆ ಕರಾರುಪತ್ರವಿಲ್ಲ. ಆದಕಾರಣವೇ ಅದು ದೊಡ್ಡದು.

ಋಣವೆಂದ ಮಾತ್ರಕ್ಕೆ ಅದನ್ನು ಜಬರದಸ್ತಿಯಿಂದ ವಸೂಲು ಮಾಡಲಾಗದು. ಈ ನಗರದ ಕನ್ನಡಿಗರಲ್ಲಿ ಅನೇಕರು ಇಲ್ಲಿ ದುಡಿದು, ಹುಟ್ಟಿದೂರಿನ ಶಾಲೆಯ ಮಾಡಿಗೂ ದೇವಸ್ಥಾನದ ಜೀರ್ಣೋದ್ಧಾರಕ್ಕೂ ಕೈಲಾದಷ್ಟು ಕಳುಹಿಸುತ್ತಾರೆ. ಯಾರೂ ಅವರಿಗೆ ಆಜ್ಞೆ ಮಾಡಿಲ್ಲ. ಊರಿನವರು ‘ಕಳುಹಿಸದಿದ್ದರೆ ದಂಡ’ ಎಂದು ಸಾರಿದ್ದರೆ, ಆ ಹಣದೊಡನೆ ಬರುತ್ತಿದ್ದ ಪ್ರೀತಿ ಅಂದೇ ನಿಂತುಹೋಗುತ್ತಿತ್ತು. ಆಟಗಾರನ ಮಾತೂ ಹೀಗೆಯೆ. ದಣಿದವನು, ಗಾಯಗೊಂಡವನು, ಮನೆಯಲ್ಲಿ ಎಳೆಗೂಸಿರುವವನು ಒಂದು ವರ್ಷ ‘ಬರಲಾರೆ’ ಎಂದರೆ ಅವನನ್ನು ದೇಶದ್ರೋಹಿ ಎನ್ನುವುದು ಅನ್ಯಾಯ. ೨೦೧೭ರಿಂದ ವಿಶ್ವ ಸ್ಪರ್ಧೆಯ ಅರ್ಹತಾ ಪಂದ್ಯಗಳು ನವೆಂಬರ್, ಫೆಬ್ರವರಿಗಳಲ್ಲಿಯೂ ನಡೆಯುತ್ತಿವೆ, ಎನ್.ಬಿ.ಎ.ಯ ನಟ್ಟನಡುವಿನ ದಿನಗಳಿವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಸ್ಥಿತಿ. ಇದನ್ನು ಸರಿಪಡಿಸಬೇಕಾದವರು ಸಂಸ್ಥೆಗಳ ಅಧಿಕಾರಿಗಳು. ನಡುವೆ ಸಿಕ್ಕಿದ ಆಟಗಾರನನ್ನು ದೂರುವುದು ಸಲ್ಲದು.

ಭಾರತದ ಪುರುಷರ ತಂಡ ಒಲಿಂಪಿಕ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, ೧೯೮೦ರಲ್ಲಿ ಮಾಸ್ಕೋದಲ್ಲಿ. ೨೦೧೫ರಲ್ಲಿ ಪಂಜಾಬಿನ ಹಳ್ಳಿಯೊಂದರ ಸತ್ನಾಮ್ ಸಿಂಗ್ ಎನ್.ಬಿ.ಎ. ತಂಡವೊಂದರ ಆಯ್ಕೆಗೆ ಪಾತ್ರನಾದ ಮೊದಲ ಭಾರತ ಸಂಜಾತನೆನಿಸಿದನು. ಅವನು ಭಾರತಕ್ಕಾಗಿಯೂ ಆಡಿದ್ದಾನೆ. ಮುಂದೆ ಇನ್ನೂ ಕೆಲವರು ಹೋಗಬಹುದು. ನಮ್ಮ ಶಾಲೆಯ ಅಂಗಳದ ಹುಡುಗನೋ ಹುಡುಗಿಯೋ ಹೋಗಬಾರದೆಂದು ಎಲ್ಲಿದೆ? ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಕಲೆಗೆ ನ್ಯಾಯವಾದ ಬೆಲೆಯನ್ನು ಕೇಳಿ ಪಡೆಯಿರಿ, ಅದರಲ್ಲಿ ನಾಚಿಕೆಯಿಲ್ಲ. ನಿಮ್ಮನ್ನು ಬೆಳೆಸಿದ ನೆಲ ಕರೆದಾಗ, ಶಕ್ತಿಯಿದ್ದರೆ, ಸಂತೋಷದಿಂದ ಹೋಗಿ ಆಡಿರಿ. ಮೈದಾನದಾಚೆ ಕುಳಿತು ಕೂಗುವ ನಮ್ಮಂಥವರು, ನೀವು ಗೆದ್ದ ದಿನದಂತೆಯೇ ಬಿದ್ದ ದಿನವೂ ನಿಮ್ಮ ಜೊತೆಯಲ್ಲಿರುವುದನ್ನು ಕಲಿಯಬೇಕು.