ಮೊದಲ ಗೋಲು ಅವಳದ್ದೇ ಆಗಬೇಕು

ಹೋದ ತಿಂಗಳು ನಮ್ಮ ಆಫೀಸಿನ ಫುಟ್‌ಬಾಲ್ ಟೂರ್ನಮೆಂಟ್ ಇತ್ತು. ಪ್ರತಿ ಟೀಮಲ್ಲೂ ಇಬ್ಬರು ಹುಡುಗೀರು ಇರಲೇಬೇಕು ಅಂತ ರೂಲ್. ಹಾಗಾಗಿ ನನ್ನನ್ನೂ ಸೇರಿಸಿಕೊಂಡರು. ನಲವತ್ತು ನಿಮಿಷದ ಆಟದಲ್ಲಿ ಬಾಲ್ ನನ್ನ ಕಾಲಿಗೆ ಸಿಕ್ಕಿದ್ದು ಮೂರೇ ಸಲ. ಅದರಲ್ಲೂ ಒಂದು ಸಲ ಅದು ದಾರಿ ತಪ್ಪಿ ಬಂದಿದ್ದು! ಆದರೆ ಗ್ರೂಪ್ ಫೋಟೋದಲ್ಲಿ ಮಾತ್ರ ನನ್ನನ್ನು ಮಧ್ಯದಲ್ಲೇ ನಿಲ್ಲಿಸಿದ್ದರು.

ಆ ಸಿಟ್ಟಲ್ಲೇ ಕ್ಯಾಬ್‌ನಲ್ಲಿ ಕೂತು ಫೋನ್ ನೋಡ್ತಿದ್ದಾಗ ಸಿಕ್ಕಿದ್ದು ಕೊಲಂಬಿಯಾದ ಮೆಡೆಲಿನ್ ನಗರದ ಕತೆ.

1994ರ ವಿಶ್ವಕಪ್. ಅಮೆರಿಕದ ವಿರುದ್ಧದ ಪಂದ್ಯದಲ್ಲಿ ಕೊಲಂಬಿಯಾದ ಡಿಫೆಂಡರ್ ಆಂಡ್ರೆಸ್ ಎಸ್ಕೋಬಾರ್ ಕಾಲಿಗೆ ತಾಗಿದ ಚೆಂಡು ತಮ್ಮದೇ ಗೋಲಿನೊಳಗೆ ಹೋಯಿತು. ತಂಡ 2-1ರಿಂದ ಸೋತಿತು. ಕೆಲವೇ ದಿನಗಳಲ್ಲಿ, ಜುಲೈ 2ರಂದು, 27 ವರ್ಷದ ಆತನನ್ನು ಅವನ ಸ್ವಂತ ಊರು ಮೆಡೆಲಿನ್‌ನಲ್ಲೇ ಗುಂಡಿಕ್ಕಿ ಕೊಂದರು. ಡ್ರಗ್ಸ್ ಮತ್ತು ಗ್ಯಾಂಗುಗಳಿಂದ ನಲುಗಿದ್ದ ಊರದು. ಕೈಯಲ್ಲಿ ಗನ್ ಇದ್ದವನೇ ಗಂಡಸು ಅಂತ ನಂಬಿ ಹುಡುಗರು ಬೆಳೆಯುತ್ತಿದ್ದ ಕಾಲ.

ಆಗ ಅಲ್ಲಿ ಓದುತ್ತಿದ್ದ ಜರ್ಮನಿಯ ಯೂರ್ಗನ್ ಗ್ರೀಸ್‌ಬೆಕ್ ಮತ್ತು ಗೆಳೆಯರು 1996ರಲ್ಲಿ ‘ಶಾಂತಿಗಾಗಿ ಫುಟ್‌ಬಾಲ್’ ಶುರುಮಾಡಿದರು. ಪರಸ್ಪರ ಹೊಡೆದಾಡುತ್ತಿದ್ದ ಬಡಾವಣೆಗಳ ಹುಡುಗರನ್ನೇ ಬೀದಿ ಫುಟ್‌ಬಾಲಿಗೆ ಕರೆದರು. ಜೊತೆಗೆ ಒಂದು ವಿಚಿತ್ರ ನಿಯಮ ಇಟ್ಟರು. ತಂಡದಲ್ಲಿ ಹುಡುಗಿಯರೂ ಇರಬೇಕು, ಮೊದಲ ಗೋಲನ್ನು ಹುಡುಗಿಯೇ ಹೊಡೆಯಬೇಕು. ಅಲ್ಲಿಯವರೆಗೆ ಹುಡುಗರು ಎಷ್ಟು ಗೋಲು ಹೊಡೆದರೂ ಲೆಕ್ಕಕ್ಕಿಲ್ಲ!

ರೆಫರಿ ಇರಲಿಲ್ಲ. ಆಟಕ್ಕೆ ಮುಂಚೆ ಎರಡೂ ತಂಡ ಕೂತು ತಮ್ಮ ನಿಯಮಗಳನ್ನು ತಾವೇ ಮಾತಾಡಿಕೊಳ್ಳಬೇಕು. ಆಟ ಮುಗಿದ ಮೇಲೆ ಮತ್ತೆ ಕೂತು, ಮಾತು ಉಳಿಸಿಕೊಂಡೆವಾ ಅಂತ ಚರ್ಚೆ. ಅದಕ್ಕೂ ಅಂಕ ಉಂಟು. ಗೋಲಿನಲ್ಲಿ ಗೆದ್ದ ತಂಡ ನಡವಳಿಕೆಯಲ್ಲಿ ಸೋಲಬಹುದು. ಮುಂದೆ ‘ಗೊಲೊಂಬಿಯಾವೊ’ ಅನ್ನೋ ಹೆಸರಲ್ಲಿ ಈ ಮಾದರಿ ಆ ದೇಶದ ಬೇರೆ ಊರುಗಳಿಗೂ ಹೋಯಿತು.

ರೂಲ್ ಇದೆ ಅಂತ ಪಾಸ್ ಕೊಟ್ಟರೆ ಅದು ಸಮಾನತೆನಾ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಮೊದಲ ದಿನ ಖಂಡಿತ ಅಲ್ಲ. ಆದರೆ ಗೆಲ್ಲಬೇಕು ಅಂದ್ರೆ ಅವಳು ಎಲ್ಲಿ ನಿಂತಿದ್ದಾಳೆ ಅಂತ ಅವನು ತಲೆಯೆತ್ತಿ ನೋಡಲೇಬೇಕು. ಅವಳು ಯಾವ ಕಾಲಲ್ಲಿ ಚೆನ್ನಾಗಿ ಹೊಡೀತಾಳೆ ಅಂತ ತಿಳ್ಕೊಳ್ಳಬೇಕು. ತಪ್ಪಿದಾಗ ಬೈದರೆ ನಷ್ಟ ಅವನಿಗೇ. ನಮ್ಮ ಆಫೀಸಿನ ರೂಲ್ ನನ್ನನ್ನು ಮೈದಾನಕ್ಕೆ ತಂದಿತು, ಅಷ್ಟೇ. ಅವರ ರೂಲ್ ಅವಳ ಕಾಲಿಗೆ ಚೆಂಡನ್ನೇ ತಂದಿತು. ಲೆಕ್ಕಕ್ಕೆ ಇರೋದು ಬೇರೆ, ಬೇಕಾಗಿ ಇರೋದು ಬೇರೆ ಅಲ್ವಾ?

ಹಾಗಂತ ಒಂದು ಗೋಲಿನಿಂದ ಎಲ್ಲ ಸರಿಹೋಗಲ್ಲ. 2016ರಲ್ಲಿ ಕೊಲಂಬಿಯಾ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ನಡುವೆ ಶಾಂತಿ ಒಪ್ಪಂದವಾಯಿತು. ಸಹಿ ಬಿದ್ದ ಕೂಡಲೇ ಮನಸ್ಸುಗಳೇನೂ ಬದಲಾಗಲಿಲ್ಲ. ಸಂಜೆ ಹೊರಗೆ ಹೋಗಬೇಡ ಅನ್ನುವ ಮನೆಯ ಬಾಗಿಲನ್ನು ಆಟದ ರೂಲ್ ತೆರೆಯಲಾರದು. ಆದರೆ ಮಗಳ ಗೋಲಿಗಾಗಿ ಓಣಿಯೇ ಕಾಯುವಂತಾದರೆ ಆ ಬಾಗಿಲು ಮುಚ್ಚೋದು ಸ್ವಲ್ಪ ಕಷ್ಟ.

ಮರುದಿನ ನಮ್ಮ ಟೂರ್ನಮೆಂಟ್ ಗ್ರೂಪಿಗೆ ಮೆಸೇಜ್ ಹಾಕಿದೆ, ‘ಮುಂದಿನ ಸಲ ಮೊದಲ ಗೋಲು ಹುಡುಗೀರದ್ದು ಅಂತ ಮಾಡೋಣ.’ ತಕ್ಷಣ ಉತ್ತರ ಬಂತು, ‘ಆಟ ಸ್ಲೋ ಆಗತ್ತೆ ಕಣೆ.’

ಆಗಲಿ ಬಿಡಿ. ಒಂದು ವೇಳೆ ಒಪ್ಪಿಬಿಟ್ಟರೆ ‘ಬಾಲೇ ಬರಲಿಲ್ಲ’ ಅನ್ನೋ ನನ್ನ ನೆಪವೂ ಹೋಗತ್ತಲ್ಲ! ಅದಕ್ಕೇ ಶನಿವಾರ ಬೆಳಿಗ್ಗೆ ಆರಕ್ಕೆ ಅಲಾರಂ ಇಟ್ಟಿದ್ದೀನಿ. ಟೀಮಿನ ಇನ್ನೊಬ್ಬಳೂ ಪ್ರಾಕ್ಟೀಸಿಗೆ ಬರ್ತೀನಿ ಅಂದಿದ್ದಾಳೆ.