ಅಕ್ಷರವಿಲ್ಲದ ಶಾಸನಗಳು

ತಾಳೆಯ ಗರಿಗಳ ನಡುವೆ ಆಯುಷ್ಯ ಕಳೆದ ನನ್ನಂಥವನಿಗೆ ಹಿಮನದಿಯ ವಿಚಾರವೇಕೆಂದು ನಮ್ಮ ವಿಜ್ಞಾನದ ಅಧ್ಯಾಪಕ ಮಿತ್ರರು ನಕ್ಕರೆ ಆಶ್ಚರ್ಯವಿಲ್ಲ. ಆದರೆ ಗತಕಾಲದ ಮಳೆ ಚಳಿಗಳನ್ನು ಶೋಧಿಸುವವರೂ ಹಳಗನ್ನಡ ಕಾವ್ಯಗಳನ್ನು ಪರಿಷ್ಕರಿಸುವವರೂ ಒಂದೇ ಗರಡಿಯಲ್ಲಿ ಪಳಗಿದವರೆಂಬುದು ಓದಿದಂತೆಲ್ಲ ನನಗೆ ಮನದಟ್ಟಾಗಿದೆ.

ಅಮೆರಿಕದ ಅರಿಜೋನಾದಲ್ಲಿ ಎ. ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿಯಿದ್ದರು. ಸೂರ್ಯಕಲೆಗಳಿಗೂ ಮಳೆಗೂ ಸಂಬಂಧವುಂಟೇ ಎಂದು ಅರಿಯಹೊರಟ ಅವರು ಮರದ ಕಾಂಡದೊಳಗಿನ ಉಂಗುರಗಳ ಬೆನ್ನುಹತ್ತಿದರು. ಆ ಒಣನಾಡಿನಲ್ಲಿ ಮಳೆಯಾದ ವರ್ಷದ ಉಂಗುರ ಅಗಲ, ಬರಗಾಲದ್ದು ಕಿರಿದು. ಆದರೆ ಮರವೂ ತಪ್ಪುತ್ತದೆ. ಕೆಲವೊಮ್ಮೆ ಒಂದು ವರ್ಷದ ಉಂಗುರವನ್ನೇ ಬಿಟ್ಟುಬಿಡುತ್ತದೆ. ಕೆಲವೊಮ್ಮೆ ಒಂದೇ ವರ್ಷಕ್ಕೆ ಎರಡನ್ನು ತೋರುತ್ತದೆ. ನಮ್ಮ ಲಿಪಿಕಾರರೂ ಹಾಗೆಯೇ ಅಲ್ಲವೇ? ಸಾಲು ಬಿಡುವರು, ಬರೆದುದನ್ನೇ ಮತ್ತೆ ಬರೆಯುವರು. ಅದಕ್ಕಾಗಿಯೇ ನಾವು ಏಕಪ್ರತಿಯನ್ನು ನೆಚ್ಚದೆ ಹಲವು ಪ್ರತಿಗಳನ್ನು ತಾಳೆನೋಡುವುದು. ಡಗ್ಲಸ್ ಅವರೂ ಮರಕ್ಕೆ ಮರವನ್ನು ತಾಳೆಹಾಕಿದರು. 1929ರಲ್ಲಿ ಶೋ ಲೋ ಎಂಬಲ್ಲಿ ದೊರೆತ ಸುಟ್ಟು ಕರಿದಾದ ತೊಲೆಯೊಂದು, ಬಿಡಿಬಿಡಿಯಾಗಿದ್ದ ಎರಡು ಉಂಗುರಪರಂಪರೆಗಳನ್ನು ಬೆಸೆಯಿತು. ಪ್ಯೂಬ್ಲೊ ಜನರ ಹಾಳು ಬಿದ್ದ ವಸತಿಗಳ ಕಾಲ ನಿಶ್ಚಿತವಾಯಿತು.

ಹಿಮದ ಓದು ಇನ್ನೂ ಸೂಕ್ಷ್ಮ. ವರ್ಷವರ್ಷವೂ ಬಿದ್ದ ಹಿಮ ಪದರವಾಗಿ ಅಮರಿ ಗಡ್ಡೆಯಾಗುತ್ತದೆ. ಅದರಲ್ಲಿನ ಭಾರವಾದ ಆಮ್ಲಜನಕದ ಪ್ರಮಾಣದಿಂದ ಅಂದಿನ ಶೀತೋಷ್ಣವನ್ನು ಅಳೆಯಬಹುದೆಂದು ಡೆನ್ಮಾರ್ಕಿನ ವಿಲ್ಲಿ ಡ್ಯಾನ್ಸ್‌ಗಾರ್ಡ್ ತೋರಿಸಿಕೊಟ್ಟರು. 1965ರಲ್ಲಿ ಫ್ರಾನ್ಸಿನ ಕ್ಲೋಡ್ ಲೋರಿಯಸ್, ಅಂಟಾರ್ಕ್ಟಿಕದ ಶಿಬಿರದಲ್ಲಿ ತಮ್ಮ ಪಾನೀಯಕ್ಕೆ ಪುರಾತನ ಹಿಮದ ತುಣುಕು ಹಾಕಿಕೊಂಡಾಗ ಗುಳ್ಳೆಗಳೇಳುವುದನ್ನು ಕಂಡು, ಇದು ಅಂದಿನ ಗಾಳಿಯಲ್ಲವೇ ಎಂದು ಯೋಚಿಸಿದರಂತೆ. (ಪಾನೀಯ ಯಾವುದೆಂದು ಈ ಸಂಪುಟದಲ್ಲಿ ಬರೆಯುವುದು ಉಚಿತವಲ್ಲ.) ಅಂಥ ಗುಳ್ಳೆಗಳ ಸಾಕ್ಷ್ಯ ಈಗ 8 ಲಕ್ಷ ವರ್ಷಗಳ ಹಿಂದಕ್ಕೆ ಹೋಗಿದೆ. ಅಷ್ಟು ದೀರ್ಘಕಾಲದಲ್ಲಿ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು 300 ಭಾಗಗಳನ್ನು ದಾಟಿರಲಿಲ್ಲ. ಇಂದು 420ನ್ನು ಮೀರಿದೆ.

ನಮ್ಮ ನಾಡಿನ ಕಥೆಯೂ ಹಿಮದಲ್ಲಿದೆ. 1997ರಲ್ಲಿ ಲಾನಿ ಥಾಂಪ್ಸನ್ ಅವರ ತಂಡ ಟಿಬೆಟ್ಟಿನ ದಾಸುವೊಪು ಹಿಮನದಿಯಲ್ಲಿ, ಸುಮಾರು 7,200 ಮೀಟರ್ ಎತ್ತರದಲ್ಲಿ, ಹಿಮವನ್ನು ಕೊರೆದು ತೆಗೆಯಿತು. 1790ರಿಂದ 1796ರವರೆಗಿನ ಪದರಗಳಲ್ಲಿ ಧೂಳೂ ಕ್ಲೋರೈಡೂ ವಿಪರೀತವಾಗಿದ್ದವು: ಮುಂಗಾರು ಕೈಕೊಟ್ಟುದರ ಗುರುತು. 1791–92ರ ‘ಡೋಗಿ ಬರ’, ಎಂದರೆ ತಲೆಬುರುಡೆಗಳ ಬರ, ನಮ್ಮ ಉತ್ತರದ ಸೀಮೆಗಳನ್ನು ಹಾಳುಗೆಡವಿದ ಕಾಲವದು.

ಇಲ್ಲಿಯೇ ನನ್ನ ಭಿನ್ನಾಭಿಪ್ರಾಯ. ಹಿಮ ಹೇಳಿತು, ಇನ್ನು ಕಡತಗಳೇಕೆ ಎನ್ನುವವರಿದ್ದಾರೆ. ಮಳೆ ತಪ್ಪಿದ್ದನ್ನು ಹಿಮ ಬಲ್ಲದು. ಅದೇ ಹೊತ್ತಿನಲ್ಲಿ ಧಾರವಾಡದ ಕೋಟೆಯನ್ನು ಮರಾಠರ ಸೈನ್ಯ ತಿಂಗಳುಗಟ್ಟಲೆ ಮುತ್ತಿದ್ದುದನ್ನು ಅದು ಅರಿಯದು. ಕಣಜದ ಕಾಳು ಯಾರ ಕುದುರೆಗೆ ಹೋಯಿತೆಂಬುದನ್ನು ಮನುಷ್ಯರ ಲೆಕ್ಕವೇ ಹೇಳಬೇಕು. ಎರಡೂ ಪಾಠಗಳನ್ನು ಎದುರುಬದುರು ಇರಿಸಿಕೊಳ್ಳದೆ ಶುದ್ಧಪಾಠ ಸಿದ್ಧಿಸದು.

ಹಿಮದ ಗ್ರಂಥಕ್ಕೂ ಗೆದ್ದಲು ಹತ್ತಿದೆ. ಮಾನಸ ಸರೋವರದ ದಕ್ಷಿಣಕ್ಕಿರುವ ಗುರ್ಲಾ ಮಾಂಧಾತ ಪರ್ವತದಲ್ಲಿ 2006ರಲ್ಲಿ ಕೊರೆದಾಗ, 1950–60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳ ವಿಕಿರಣದ ಪದರವೇ ಕಾಣಲಿಲ್ಲ. ಅಲ್ಲಿಂದೀಚಿನ ಹಿಮವೆಲ್ಲ ಕರಗಿಹೋಗಿತ್ತು. ಪ್ರತಿಯ ಕೊನೆಯ ಗರಿಗಳು ನಷ್ಟವಾದಂತೆ.

ಮಾಂಧಾತವನ್ನು ಕಾಯುವುದು ನಮ್ಮ ಕೈಯಲ್ಲಿಲ್ಲ. ಮನೆಯದು ಇದೆ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಕೇರಳದ ತೇಗದ ಉಂಗುರಗಳಿಂದಲೇ ಐದು ಶತಮಾನಗಳ ಮುಂಗಾರಿನ ಏರಿಳಿತವನ್ನು ಗುರುತಿಸಿದ್ದಾರೆ. ನಮ್ಮ ಹಿರಿಯರ ಮನೆಗಳಲ್ಲಿ ತೇಗದ ತೊಲೆಗಳಿವೆ, ಅಟ್ಟದ ಮೇಲೆ ಜಮಾಖರ್ಚಿನ ಕಡತಗಳಿವೆ. ಪರಿಚಿತ ಮನೆತನವೊಂದು ಮೂರು ತಲೆಮಾರಿನ ಕಡತಗಳನ್ನು ತೂಕಕ್ಕೆ ಹಾಕಿದ ಸುದ್ದಿ ನನಗೆ ತಲಪಿದ್ದು ಎಂಟು ದಿನ ತಡವಾಗಿ; ಓಡಿಹೋದಾಗ ಅಂಗಡಿಯವನಲ್ಲಿ ಒಂದು ಹಾಳೆಯೂ ಉಳಿದಿರಲಿಲ್ಲ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನೆ ಕೆಡವಿಸುವ ಮುನ್ನ ಶಾಲೆಗೆ ಒಂದು ಕಾಗದ ಬರೆದರೆ ಸಾಕು. ಕಡತಗಳನ್ನು ಓದಲು ನಾನು ಬರುತ್ತೇನೆ. ತೊಲೆಯ ತುದಿಯಿಂದ ಗೇಣುದ್ದದ ತುಂಡನ್ನು ಕೊಯ್ಯಿಸಿ ತರಲು, ನಕ್ಕ ವಿಜ್ಞಾನದ ಅಧ್ಯಾಪಕರನ್ನೂ ಜೊತೆಗೆ ಕರೆತರುತ್ತೇನೆ.